ಮಗಳ ಮೇಂಟೆನೆನ್ಸ್ ಲೋನ್ ಯಾಕೆ ಇಷ್ಟು ಕಡಿಮೆ?

ಪ್ರಶ್ನೆ: ನಮಸ್ತೆ ಸರ್. ನಾವು ಇಂಗ್ಲೆಂಡಿನಲ್ಲಿ ನೆಲೆಸಿದ್ದೇವೆ. ಮಗಳು 2025ರ ಸೆಪ್ಟೆಂಬರ್‌ನಲ್ಲಿ ಲಂಡನ್ ಹೊರಗಿನ ಯೂನಿವರ್ಸಿಟಿ ಸೇರಿದಳು, ಹಾಸ್ಟೆಲ್‌ನಲ್ಲಿದ್ದಾಳೆ. ಊಟ, ವಸತಿ ಖರ್ಚಿಗೆ ಸರ್ಕಾರ ಕೊಡುವ ಮೇಂಟೆನೆನ್ಸ್ ಲೋನ್ ತೀರಾ ಕಡಿಮೆ ಮಂಜೂರಾಗಿದೆ. ಏಪ್ರಿಲ್‌ನಲ್ಲಿ ನನ್ನ ಕೆಲಸ ಹೋಯಿತು, ಈಗ ಯಜಮಾನರ ಸಂಬಳ ಮಾತ್ರ. ಹಿಂದೆ ಗ್ರಾಂಟ್ ಕೊಡುತ್ತಿದ್ದರಂತೆ, ಅದಕ್ಕೆ ಅರ್ಜಿ ಹಾಕಬಹುದಾ?

ಉತ್ತರ (ವಿದ್ಯಾರ್ಥಿ ಹಣಕಾಸು ಸಲಹೆಗಾರ): ಗ್ರಾಂಟ್ ಆಸೆ ಬಿಡಿ ಮೇಡಂ. 2015-16ರಲ್ಲಿ ಗರಿಷ್ಠ 3,387 ಪೌಂಡ್ ಕೊಡುತ್ತಿದ್ದರು, ವಾಪಸ್ ಕಟ್ಟಬೇಕಾಗಿರಲಿಲ್ಲ. ಮರುವರ್ಷದಿಂದ ಇಂಗ್ಲೆಂಡಿನ ಹೊಸ ವಿದ್ಯಾರ್ಥಿಗಳಿಗೆ ಅದನ್ನು ತೆಗೆದು ಸಾಲ ಮಾಡಿದರು. (ವೇಲ್ಸ್‌ನವರಿಗೆ ಇನ್ನೂ ಇದೆ, ಪುಣ್ಯವಂತರು.) ಮನೆಯ ಆದಾಯ ನೋಡಿ ಹಣ ಕೊಡುವ ಪದ್ಧತಿ ಮಾತ್ರ ಉಳಿದಿದೆ.

ನಿಮಗೆ ಪೆಟ್ಟು ಬಿದ್ದಿರುವುದು ಅಲ್ಲೇ. 2025-26ರ ಸಾಲಕ್ಕೆ, ಸಾಲ ಮಂಜೂರು ಮಾಡುವ ಸ್ಟೂಡೆಂಟ್ ಫೈನಾನ್ಸ್ ಇಂಗ್ಲೆಂಡ್‌ನವರು ನೋಡಿದ್ದು 2023-24ರ ತೆರಿಗೆ ವರ್ಷದ ಆದಾಯ. ಆಗ ಇಬ್ಬರೂ ದುಡಿಯುತ್ತಿದ್ದಿರಿ, ಅಲ್ವಾ? ಈ ವರ್ಷದ (2025-26ರ) ಆದಾಯ ಅದಕ್ಕಿಂತ ಶೇ. 15ರಷ್ಟಾದರೂ ಇಳಿಯುವಂತಿದ್ದರೆ, ಈ ವರ್ಷದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ ಅಂತ ಕೇಳಬಹುದು. ಅವರ ಹತ್ತಿರ ಅದಕ್ಕೆಂದೇ 'ಕರೆಂಟ್ ಇಯರ್ ಇನ್‌ಕಮ್' ಫಾರ್ಮ್ ಇದೆ. ಅಂದಾಜು ಮಾತ್ರ ಸುಮ್ನೆ ಕಡಿಮೆ ಬರೆಯಬೇಡಿ. ವರ್ಷ ಮುಗಿದ ಮೇಲೆ ದಾಖಲೆ ಕೇಳುತ್ತಾರೆ. ಜಾಸ್ತಿ ಕೊಟ್ಟಿದ್ದರೆ ಮುರಿದುಕೊಳ್ಳುತ್ತಾರೆ.

ಪ್ರಶ್ನೆ: ದೊಡ್ಡ ಮಗನೂ ಜೊತೆಗಿದ್ದಾನೆ, ದುಡಿಯುತ್ತಾನೆ. ಅವನ ಸಂಬಳವೂ ಸೇರುತ್ತಾ?

ಉತ್ತರ: ಇಲ್ಲ. ಅಜ್ಜಿ ತಾತ ಇದ್ದರೆ ಅವರದ್ದೂ ಸೇರಲ್ಲ. ನಿಮ್ಮ ಖರ್ಚಿನಲ್ಲೇ ಇರುವ ಇನ್ನೊಂದು ಮಗು ಇದ್ದರೆ ಆದಾಯದಲ್ಲಿ 1,130 ಪೌಂಡ್ ಕಳೆಯುತ್ತಾರೆ, ಬರೆಯಲು ಮರೆಯಬೇಡಿ.

ಇನ್ನೊಬ್ಬರ ಪ್ರಶ್ನೆ: ಸರ್, ನಾನು ಗಂಡನಿಂದ ಬೇರೆಯಾಗಿದ್ದೇನೆ. ಮಗ ನನ್ನ ಜೊತೆಗಿದ್ದಾನೆ. ಅವನ ಅಪ್ಪನ ಸಂಬಳವನ್ನೂ ತೋರಿಸಬೇಕಾ?

ಉತ್ತರ: ಬೇಡಮ್ಮ, ನಿಮ್ಮದು ಸಾಕು. ಆದರೆ ನಿಮ್ಮ ಜೊತೆ ಸಂಗಾತಿ ವಾಸವಾಗಿದ್ದರೆ, ಮದುವೆ ಆಗಿರದಿದ್ದರೂ ಅವರ ಆದಾಯ ಸೇರುತ್ತದೆ. ಈ ನಿಯಮ ಕೇಳಿ ಕೋಪ ಮಾಡಿಕೊಳ್ಳುವವರೇ ಜಾಸ್ತಿ.

ಮೊದಲ ಪ್ರಶ್ನೆ ಕೇಳಿದವರು: ಉಳಿದ ಹಣ ಎಲ್ಲಿಂದ ತರಬೇಕು ಅಂತ ಸಾಲದ ಮಂಜೂರಾತಿ ಪತ್ರದಲ್ಲಿ ಏನೂ ಬರೆದಿಲ್ಲವಲ್ಲ ಸರ್?

ಉತ್ತರ: ಬರೆಯುವುದೇ ಇಲ್ಲ, ನನ್ನ ತಕರಾರೂ ಅದೇ. ಹಾಸ್ಟೆಲ್‌ನಲ್ಲಿದ್ದು ಲಂಡನ್ ಹೊರಗೆ ಓದುವವರಿಗೆ 2025-26ರಲ್ಲಿ ಪೂರ್ತಿ ಮೊತ್ತ 10,544 ಪೌಂಡ್. ಅದು ಸಿಗುವುದು 25,000 ಪೌಂಡ್‌ವರೆಗಿನ ಆದಾಯದ ಮನೆಗೆ. ಆದಾಯ ಏರಿದಂತೆ ಸಾಲ ಇಳಿಯುತ್ತದೆ, 62 ಸಾವಿರ ದಾಟಿದ ಸ್ವಲ್ಪದರಲ್ಲೇ 4,915ಕ್ಕೆ ನಿಲ್ಲುತ್ತದೆ. ಮಧ್ಯದ ಹಣವನ್ನು ಅಪ್ಪ ಅಮ್ಮ ಹಾಕುತ್ತಾರೆ ಅಂತ ಅವರೇ ಅಂದುಕೊಂಡಿರುತ್ತಾರೆ. ಆ 25,000ದ ಗೆರೆಯಂತೂ 2008ರಿಂದ ಕದಲಿಲ್ಲ. ಸಂಬಳ, ಬಾಡಿಗೆ ಎಲ್ಲ ಎಷ್ಟು ಏರಿದೆ ನೋಡಿ.

ಪ್ರಶ್ನೆ: ಆದಾಯದ ವಿವರ ಕೊಟ್ಟರೆ ನಾವೇ ಜಾಮೀನು ನಿಂತಂತೆ ಆಗುತ್ತಾ?

ಉತ್ತರ: ಇಲ್ಲ ಮೇಡಂ. ಸಾಲ ಮಗಳ ಹೆಸರಿನಲ್ಲೇ ಇರುತ್ತದೆ. ವಿವರ ಕೊಡದಿದ್ದರೆ ಅವಳಿಗೆ ಕನಿಷ್ಠ ಮೊತ್ತವೇ ಗತಿ. ಈ ವಾರವೇ ಫಾರ್ಮ್ ಕಳಿಸಿ.