ವಿಂಡ್‌ಸರ್ಫಿಂಗಿಗೆ ‘ಹಾಯಿಹಲಗೆ’ ಎನ್ನಬಹುದೇ?

ಮೈಸೂರಿನ ನಾವು ನಾಲ್ವರು ಗೆಳೆಯರು ಈಚೆಗೆ ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ, ಕಲಿಯಲೆಂದು ರಾಮೇಶ್ವರಕ್ಕೆ ಹೋಗಿದ್ದೆವು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಪಾಂಬನ್ ಬಂದರಿನಲ್ಲಿ ಎಚ್ಚರಿಕೆಯ ಗುರುತು ಏರಿಸಿದ್ದರಿಂದ ಎರಡು ದಿನ ನೀರಿಗಿಳಿಯಲಾಗಲಿಲ್ಲ. 1964ರ ಡಿಸೆಂಬರಿನ ಚಂಡಮಾರುತ ಕೆಡವಿದ ಧನುಷ್ಕೋಟಿಯ ಇಗರ್ಜಿಯ ಮೋಟುಗೋಡೆಗಳನ್ನು ನೋಡಿಬಂದು, ಈ ಆಟಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಚರ್ಚಿಸುತ್ತ ಕುಳಿತೆವು. ಅದು ಅಲ್ಲಿ ಇತ್ಯರ್ಥವಾಗದ ಕಾರಣ ಇಲ್ಲಿ ಕೇಳುತ್ತಿದ್ದೇನೆ.

‘ಅಲೆಸವಾರಿ’ ಎಂಬುದು ಸರ್ಫಿಂಗಿಗೆ ಒಪ್ಪುತ್ತದೆ. ಆದರೆ ಇಲ್ಲಿ ಅಲೆ ಬೇಕೇ ಬೇಕೆಂದಿಲ್ಲ. ನೀರು ಕೆರೆಯಂತೆ ಸಮವಾಗಿದ್ದರೂ ಗಾಳಿ ಇದ್ದರೆ ಸಾಕು. ‘ಪಟ’ ಎಂಬುದಕ್ಕೂ ಹಾಯಿ ಎಂಬ ಅರ್ಥವಿರುವುದರಿಂದ ‘ಗಾಳಿಪಟ’ ಸೊಗಸಾಗಿ ಹೊಂದುತ್ತಿತ್ತು. ಅದನ್ನು ಮಕ್ಕಳು ಎಂದೋ ತೆಗೆದುಕೊಂಡಾಗಿದೆ. ಸಾಲದ್ದಕ್ಕೆ, ನಿಜವಾದ ಗಾಳಿಪಟ ಹಿಡಿದು ನೀರಿನ ಮೇಲೆ ಜಾರುವ ಬೇರೊಂದು ಆಟವೂ ಅದೇ ದಂಡೆಯಲ್ಲಿ ನಡೆಯುತ್ತದೆ.

ಹೀಗಾಗಿ ‘ಹಾಯಿ’ ಉಳಿಯಿತು. ಅಲ್ಲಿಯ ತಮಿಳು ತರಬೇತುದಾರರು ಹಾಯಿಗೆ ‘ಪಾಯ್’ ಎಂದೂ ಹಾಯಿ ಕಟ್ಟುವ ಕಂಬಕ್ಕೆ ‘ಪಾಯ್‌ಮರಂ’ ಎಂದೂ ಹೇಳುತ್ತಿದ್ದರು. ಮಲಗುವ ಚಾಪೆಗೂ ಅವರಲ್ಲಿ ‘ಪಾಯ್’ ಎಂದೇ ಹೆಸರು. ಪಾಲು ಹಾಲಾದಂತೆ, ಪಾವು ಹಾವಾದಂತೆ ಪಾಯಿಯೇ ನಮ್ಮಲ್ಲಿ ಹಾಯಿಯಾಗಿದೆ ಎಂದುಕೊಂಡರೆ, ಚಾಪೆಯ ಅರ್ಥ ನಮ್ಮಲ್ಲಿ ಎಲ್ಲಿಯಾದರೂ ಉಳಿದಿದೆಯೇ? ಇದು ನನ್ನ ಮೊದಲ ಪ್ರಶ್ನೆ.

ಎರಡನೆಯದು ‘ಹಾಯು’ ಎಂಬ ಕ್ರಿಯಾಪದದ್ದು. ನಮ್ಮ ಜೊತೆಗಿದ್ದ ಮಂಡ್ಯದ ಗೆಳೆಯ, ನಾಲೆಯಿಂದ ಗದ್ದೆಗೆ ನೀರು ಹಾಯಿಸಿ ಬೆಳೆದವನು, “ನೀರು ಹಾಯ್ಸೋದು ಗೊತ್ತು ಕಣಯ್ಯ, ನೀರ ಮೇಲೆ ನಾನೇ ಹಾಯೋದು ಗೊತ್ತಿಲ್ಲ” ಎಂದ. ಹೊಳೆ ಹಾಯುವುದು, ದಾರಿ ಹಾಯುವುದು, ಗೂಳಿ ಹಾಯುವುದು ಇವೆಲ್ಲವುಗಳಲ್ಲಿಯೂ ನುಗ್ಗಿ ಸಾಗುವ ಅರ್ಥವಿದೆ. ಈ ‘ಹಾಯು’ವಿಗೂ ಆ ‘ಹಾಯಿ’ಗೂ ನಂಟು ಕಲ್ಪಿಸುವ ಆಸೆ ಯಾರಿಗಾದರೂ ಆಗುತ್ತದೆ. ನನ್ನ ಮಟ್ಟಿಗೆ ಅವು ಬೇರೆ ಬೇರೆ. ಚಾಪೆಯ ಸಾಕ್ಷ್ಯವನ್ನು ಬದಿಗಿಟ್ಟು ಉಚ್ಚಾರದ ಹೋಲಿಕೆಯನ್ನಷ್ಟೇ ನಂಬುವುದು ಸರಿಯಲ್ಲ.

ಇನ್ನು ಉಪಕರಣದ ವಿಷಯ. ಹಲಗೆಯ ಮೇಲಿನ ಕಂಬಕ್ಕೆ ‘ಕೂವೆಮರ’ ಎಂಬ ಹಳೆಯ ಪದವೇ ಸಾಕು. ಆದರೆ ದೋಣಿಯ ಕೂವೆಮರದಂತೆ ಇದು ನೆಟ್ಟಗೆ ನಿಲ್ಲುವುದಿಲ್ಲ. ಬುಡದಲ್ಲಿ ಎಲ್ಲ ಕಡೆಗೂ ಬಾಗುವ ಕೀಲು ಇದ್ದು, ಚುಕ್ಕಾಣಿಯಿಲ್ಲದ ಈ ಹಲಗೆಯನ್ನು ಹಾಯಿಯನ್ನು ವಾಲಿಸಿಯೇ ತಿರುಗಿಸಬೇಕು: ಮುಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿಯಿಂದ ಆಚೆಗೆ, ಹಿಂದಕ್ಕೆ ವಾಲಿಸಿದರೆ ಗಾಳಿಯತ್ತ ತಿರುಗುತ್ತದೆ. ಎರಡೂ ಕೈಯಲ್ಲಿ ಹಿಡಿಯುವ ಅಡ್ಡಗೋಲಿಗೆ ನಾವು ‘ಹಿಡಿಗೋಲು’ ಎಂದೆವು. ಹರಿಗೋಲು ಕಂಡು ಬೆಳೆದ ಕಾವೇರಿ ಸೀಮೆಯವರಿಗೆ ಇದು ಸಹಜವಾಗಿ ಬಂದಿತು. ಕರಾವಳಿಯ ಮೀನುಗಾರರಲ್ಲಿ ಇದಕ್ಕಿಂತ ಒಳ್ಳೆಯ ಪದವಿದ್ದರೆ ದಯವಿಟ್ಟು ತಿಳಿಸಬೇಕು.

‘ಹಾಯಿಹಲಗೆ’ ಎಂಬುದನ್ನು ಒಪ್ಪಿದರೂ ಕ್ರಿಯಾಪದದ ತೊಡಕು ಉಳಿಯುತ್ತದೆ. ಹಾಯಿಹಲಗೆ ‘ಆಡಿದೆ’ ಎನ್ನಬೇಕೋ ‘ನಡೆಸಿದೆ’ ಎನ್ನಬೇಕೋ? “ಹಾಯಿಹಲಗೆಯಲ್ಲಿ ಹಾಯ್ದು ಬಂದೆ” ಎಂದು ಮನೆಯಲ್ಲಿ ಹೇಳಿ ನೋಡಿದೆ, ಅಮ್ಮ ಗಾಬರಿಯಿಂದ, “ಯಾವ ಎತ್ತು ಹಾಯ್ತೋ?” ಎಂದರು.