ವಿ-ಕ್ರಾಸ್: ಮುಂದಿನ ಶಾಕ್ ಲೀಕ್, ಮೂತಿ ತಗ್ಗು. ಸ್ಪೇಸರ್ ಸಾಕಾ, ಪೂರ್ತಿ ಸೆಟ್ ಬೇಕಾ?

ಘಾಟಿ44:
ಗಾಡಿ 2018ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್, 94,000 ಕಿ.ಮೀ. ಆಗಿದೆ. ಮುಂದಿನ ಎರಡೂ ಶಾಕ್‌ಗಳಿಂದ (ಪುಟಿತ ತಡೆಯೋ ಶಾಕ್ ಅಬ್ಸಾರ್ಬರ್) ಆಯಿಲ್ ಜಿನುಗುತ್ತಿದೆ. ಖಾಲಿ ಇದ್ದಾಗ ಹಿಂಭಾಗ ಪುಟಿಯುತ್ತೆ, 50 ಕೆಜಿಯ ಆರು ಕಾಫಿ ಚೀಲ ಹಾಕಿದರೆ ಕೂತುಬಿಡುತ್ತೆ. ಮುಂದೆ ಸ್ಟೀಲ್ ಬಂಪರ್ ಇದೆ, ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯೋ ಯಂತ್ರ) ಇಲ್ಲ. ಚಕ್ರದ ಹಬ್‌ನಿಂದ ಫೆಂಡರ್ ಅಂಚಿಗೆ ಅಳೆದರೆ ಮುಂದೆ ಹಿಂದಕ್ಕಿಂತ 45 ಎಂಎಂ ಕಡಿಮೆ. ಸಕಲೇಶಪುರ ಕಡೆಯ ತೋಟದ ಕಲ್ಲುದಾರಿ, ವಾರಕ್ಕೊಂದು ಸಲ ಶಿರಾಡಿ ಘಾಟಿ. ಕಂಪನಿ ಶಾಕನ್ನೇ ಹಾಕಿಸಿ 30 ಎಂಎಂ ಸ್ಪೇಸರ್ (ಎತ್ತರಿಸೋಕೆ ಇಡೋ ದಪ್ಪ ಬಿಲ್ಲೆ) ಇಟ್ಟರೆ ಲೆವೆಲ್ ಆಗುತ್ತೆ ಅಂತಾರೆ. ಸರಿನಾ?

ಪಟ್ಟಿಬೋಲ್ಟ್:
ಸರ್, ಮೊದಲು ಅಳತೆ ಸರಿಮಾಡಿಕೊಳ್ಳಿ. ಫೆಂಡರ್ ಕಮಾನಿನ ಎತ್ತರ ಮುಂದೆ ಹಿಂದೆ ಬಾಡಿಯಲ್ಲೇ ಬೇರೆ ಇರುತ್ತೆ. ಹಬ್‌ನಿಂದ ಫೆಂಡರ್‌ಗಿನ ಅಳತೆ ಕೆಲಸಕ್ಕೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯ್ತು ಅಂತ ಹೋಲಿಸೋಕೆ ಮಾತ್ರ. ಗಾಡಿ ಎಷ್ಟು ವಾಲಿದೆ ಅಂತ ತಿಳಿಯೋಕೆ ಸಮತಟ್ಟು ನೆಲದಲ್ಲಿ, ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿ, ಬಾಗಿಲ ಕೆಳಗಿನ ಅಂಚನ್ನು ಎರಡೂ ತುದಿಯಲ್ಲಿ ನೆಲದಿಂದ ಅಳೆಯಿರಿ.

30 ಎಂಎಂ ಸ್ಪೇಸರ್ ಅಂದರೆ 30 ಎಂಎಂ ಲಿಫ್ಟ್ ಅಲ್ಲ. ಶಾಕ್ ಕೂತಿರೋದು ಚಕ್ರ ಹಿಡಿದಿರೋ ಕೆಳಗಿನ ಆರ್ಮ್‌ನ ಹೆಚ್ಚುಕಡಿಮೆ ಮಧ್ಯದಲ್ಲಿ, ಹಾಗಾಗಿ ಚಕ್ರದ ಹತ್ತಿರ ಸುಮಾರು ಎರಡರಷ್ಟು ಏರುತ್ತೆ. ಶಾಕ್‌ನ ಮೇಲಿನ ಮೌಂಟ್ ಮೇಲೆ ಸ್ಪೇಸರ್ ಇಟ್ಟರೆ ಇಡೀ ಶಾಕ್ ಕೆಳಗೆ ಸರಿಯುತ್ತೆ. ಚಕ್ರ ಗುಂಡಿಗೆ ಇಳಿದಾಗ ಆರ್ಮ್ ಮೊದಲಿಗಿಂತ ಕೆಳಗೆ ಹೋಗಿ ಬಾಲ್ ಜಾಯಿಂಟ್, ಡ್ರೈವ್ ಶಾಫ್ಟ್ ಜಾಯಿಂಟ್ ಎರಡೂ ಮಿತಿ ಮೀರಿ ಬಾಗುತ್ತವೆ. ಪೂರ್ತಿ ಒತ್ತಿದಾಗ ಬಂಪ್ ಸ್ಟಾಪ್ (ಆರ್ಮ್‌ನ ಏರಿಕೆ ತಡೆಯೋ ರಬ್ಬರ್) ಮುಟ್ಟೋ ಮೊದಲೇ ಶಾಕ್ ಒಳಗೆ ತಳ ಬಡಿಯುತ್ತೆ. ಸೀಲ್ ಬೇಗ ಹೋಗೋದು ಅದಕ್ಕೇ. ಕಲ್ಲುದಾರಿಗೆ ಇದು ಬೇಡವೇ ಬೇಡ.

ಘಾಟಿ44:
ಅಳೆದೆ. ಬಾಗಿಲ ಅಂಚಿನ 1.5 ಮೀಟರ್ ಉದ್ದದಲ್ಲಿ ಮುಂದಿನ ತುದಿ 20 ಎಂಎಂ ತಗ್ಗು.

ಪಟ್ಟಿಬೋಲ್ಟ್:
ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 3095 ಎಂಎಂ, ಅಂದರೆ ಚಕ್ರದಿಂದ ಚಕ್ರಕ್ಕೆ ಸುಮಾರು 41 ಎಂಎಂ ತಗ್ಗು. ಅಷ್ಟನ್ನೂ ತೆಗೆಯಬೇಡಿ. ಪೂರ್ತಿ ಲೆವೆಲ್ ಮಾಡಿದರೆ ಲೋಡ್ ಹಾಕಿದ ದಿನ ಮೂತಿ ಮೇಲೆದ್ದು ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ, ಸ್ಟಿಯರಿಂಗ್ ಹಗುರ ಆಗುತ್ತೆ. ಮುಂದೆ 25-30 ಎಂಎಂ ಏರಿಸಿ ಉಳಿದದ್ದನ್ನು ಬಿಡಿ. ಅದಕ್ಕೆ ಬಂಪರ್ ತೂಕಕ್ಕೆ ಹೊಂದೋ ಕಾಯಿಲ್ ಸ್ಪ್ರಿಂಗ್ ತೊಗೊಳ್ಳಿ. ಬಂಪರ್ ಜೊತೆ ವಿಂಚ್‌ಗೂ ಅಂತ ಮಾಡಿದ ಸ್ಪ್ರಿಂಗ್ ನಿಮ್ಮ ಗಾಡಿಗೆ ಗಟ್ಟಿಯಾಗಿ, ಬೇಕಾದ್ದಕ್ಕಿಂತ ಎತ್ತರ ಕೂರುತ್ತೆ.

ಕಾಫಿತೋಟ:
ಶಾಕ್ ಬಗ್ಗೆ ನಾನು ಸೇರಿಸ್ತೀನಿ. ಬಿಲ್‌ಸ್ಟೈನ್ ಥರದ ಮೊನೊಟ್ಯೂಬ್ (ಒಂದೇ ಕೊಳವೆಯ ಶಾಕ್) ಘಾಟಿಯಲ್ಲಿ ಬಿಸಿಯಾದರೂ ಹಿಡಿತ ಬಿಡಲ್ಲ. ಆದರೆ ಅದರ ಹೊರ ಕೊಳವೆಯೇ ಪಿಸ್ಟನ್ ಓಡೋ ಸಿಲಿಂಡರ್. ಕಲ್ಲು ಬಡಿದು ತಗ್ಗು ಬಿದ್ದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತೆ. ಹಿಂದಿನ ಶಾಕ್ ಆಕ್ಸಲ್ ಪಕ್ಕ ಬಯಲಲ್ಲೇ ಇರೋದರಿಂದ ಈ ದಾರಿಗೆ ಟ್ವಿನ್ ಟ್ಯೂಬ್ (ಒಳಗೊಂದು, ಹೊರಗೊಂದು ಕೊಳವೆ ಇರೋ ಶಾಕ್) ವಾಸಿ. ಓಲ್ಡ್ ಮ್ಯಾನ್ ಎಮು ನೈಟ್ರೋಚಾರ್ಜರ್ ನೈಟ್ರೋಜನ್ ತುಂಬಿದ ಟ್ವಿನ್ ಟ್ಯೂಬ್. ಐರನ್‌ಮ್ಯಾನ್ ಫೋಮ್ ಸೆಲ್‌ನಲ್ಲಿ ಗ್ಯಾಸ್ ಬದಲು ಫೋಮ್ ಇದೆ, ಆಯಿಲೂ ಜಾಸ್ತಿ ಹಿಡಿಯುತ್ತೆ. ನಿಮಗೆ ನಾನು ಹೇಳೋದು ಇಂಥದ್ದನ್ನೇ, ನಾಲ್ಕೂ ಒಂದೇ ಸೆಟ್. ಸ್ಪ್ರಿಂಗ್ ಗಟ್ಟಿ ಮಾಡಿ ಹಳೇ ಶಾಕ್ ಉಳಿಸಿದರೆ ಪುಟಿಯೋದು ಇನ್ನೂ ಹೆಚ್ಚುತ್ತೆ.

ಹಿಂದೆ ಪಟ್ಟಿಗಳಲ್ಲಿ (ಲೀಫ್ ಸ್ಪ್ರಿಂಗ್) ಬಿರುಕು ಇದೆಯಾ, ಶಾಕಲ್ ಬುಷ್ (ಪಟ್ಟಿ ತುದಿಯ ಕೊಂಡಿಯ ರಬ್ಬರ್) ಸವೆದಿದೆಯಾ ನೋಡಿಸಿ. ಹಳೇ ಪಟ್ಟಿ ಬಡಿಸಿ ಕಮಾನು ಏರಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಕೂರುತ್ತೆ. ಸದಾ 500 ಕೆಜಿ ಹೊರೋಕೆ ಮಾಡಿದ ಪಟ್ಟಿ ಸೆಟ್ಟೂ ಬೇಡ, ಖಾಲಿ ಗಾಡಿ ಹಲಗೆಯಂತೆ ಗಟ್ಟಿಯಾಗುತ್ತೆ. ಆಗಾಗ 300 ಕೆಜಿ ಹೊರೋದಕ್ಕೆ ಮಧ್ಯಮ ಸೆಟ್ ಸಾಕು. ಹಿಂದಿನ ಪಟ್ಟಿಗೆ ಆಸರೆಯಾಗಿ ಕೂರಿಸೋ, ಗಾಳಿ ತುಂಬೋ ಏರ್ ಬ್ಯಾಗ್ ಹಾಕೋಕೆ ಹೋಗಬೇಡಿ. ಪಟ್ಟಿಯ ಎರಡು ತುದಿಗೆ ಹಂಚಬೇಕಾದ ಭಾರ ಚಾಸಿಸ್‌ನ ಒಂದೇ ಜಾಗಕ್ಕೆ ಬಿದ್ದು, ಲೋಡ್ ಹೆಚ್ಚಾದಾಗ ಅಲ್ಲೇ ಬಾಗುತ್ತೆ. ಏನೇ ಹಾಕಿಸಿದರೂ ಆರ್‌ಸಿಯಲ್ಲಿರೋ ಲೇಡನ್ ತೂಕ (ಲೋಡ್ ಸೇರಿ ಗಾಡಿಯ ಗರಿಷ್ಠ ತೂಕ) ಹೆಚ್ಚಾಗಲ್ಲ.

ಪಟ್ಟಿಬೋಲ್ಟ್:
ಫಿಟ್ಟಿಂಗ್ ದಿನ ಪಕ್ಕದಲ್ಲೇ ನಿಂತಿರಿ. ಮುಂದಿನ ಆರ್ಮ್ ಬುಷ್, ಹಿಂದಿನ ಪಟ್ಟಿ ಬುಷ್‌ಗಳ ಬೋಲ್ಟ್‌ನ ಕೊನೇ ಬಿಗಿತ ಚಕ್ರ ನೆಲಕ್ಕೆ ಇಳಿಸಿ, ಗಾಡಿ ತನ್ನ ಎತ್ತರದಲ್ಲಿ ನಿಂತಾಗಲೇ ಆಗಬೇಕು. ಜಾಕ್ ಮೇಲೆ ತೂಗಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಆಕ್ಸಲನ್ನು ಪಟ್ಟಿಗೆ ಹಿಡಿದಿಡೋ ಯು-ಬೋಲ್ಟ್ ಹೊಸದೇ ಹಾಕಿಸಿ, 500 ಕಿ.ಮೀ.ಗೆ ಮತ್ತೆ ಟಾರ್ಕ್ ಮಾಡಿಸಿ (ಹೇಳಿದ ಬಿಗಿತಕ್ಕೆ ಬಿಗಿಸಿ). ಸಡಿಲ ಬಿಟ್ಟರೆ ಪಟ್ಟಿಗಳನ್ನು ಜೋಡಿಸಿರೋ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಸರಿಯುತ್ತೆ. ಹಿಂದಿನ ಆಕ್ಸಲ್‌ಗೆ ಬ್ರೇಕ್ ಲೋಡ್ ವಾಲ್ವ್‌ನ (ಹೊರೆ ನೋಡಿ ಹಿಂದಿನ ಬ್ರೇಕ್ ಹೊಂದಿಸೋದು) ಸರಳು ಇದ್ದರೆ ಹೊಸ ಎತ್ತರಕ್ಕೆ ಹೊಂದಿಸಬೇಕು. ಇಲ್ಲದಿದ್ದರೆ ಅದು ಗಾಡಿ ಖಾಲಿ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತೆ.

ಅಲೈನ್‌ಮೆಂಟ್‌ನಲ್ಲಿ ಟೋ (ಚಕ್ರಗಳು ಒಳಗೆ-ಹೊರಗೆ ತಿರುಗಿರೋ ಕೋನ) ಒಂದನ್ನೇ ಸರಿಮಾಡಿ ಕಳಿಸಿದರೆ ಒಪ್ಪಬೇಡಿ, ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರೋ ಕೋನ) ಮತ್ತು ಕ್ಯಾಸ್ಟರ್ (ಸ್ಟಿಯರಿಂಗ್ ಅಕ್ಷ ಹಿಂದೆ-ಮುಂದೆ ವಾಲಿರೋ ಕೋನ) ಪ್ರಿಂಟ್ ಕೇಳಿ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರೋದರಿಂದ 1,000 ಕಿ.ಮೀ. ಆದಮೇಲೆ ಇನ್ನೊಮ್ಮೆ ಮಾಡಿಸಿ, ಹೆಡ್‌ಲೈಟ್ ಮಟ್ಟವನ್ನೂ ಆಗಲೇ ನೋಡಿಸಿ.