ಪುಸ್ತಕದ ‘ಸಂಖ್ಯೆ ಊಹಿಸು’ ಆಟ: ಒಂದು ಎರರ್ ಸರಿಮಾಡಿದರೆ ಅದಕ್ಕಿಂತ ಮೇಲಿನ ಸಾಲಲ್ಲಿ ಇನ್ನೊಂದು

ಮೊದಲಪುಟ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಒಂದು ಹಳೆಯ ಪುಸ್ತಕ ಹಿಡಿದಿದ್ದೇನೆ. ಲೂಪ್ (ಅದೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುವುದು) ಅಧ್ಯಾಯದ ಆಟವನ್ನು ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿ, ರ್ಯಾಂಡಮ್.ಪಿವೈ ಎಂದು ಸೇವ್ ಮಾಡಿ, ಕಮಾಂಡ್ ವಿಂಡೋದಲ್ಲಿ ಓಡಿಸುತ್ತಿದ್ದೇನೆ. ಫೋನಿನಿಂದ ಬರೆಯುತ್ತಿರುವುದರಿಂದ ಕೋಡನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಹಾಕಿದ್ದೇನೆ. ಫೈಲಿನಲ್ಲಿ ಪೈಥಾನ್ ಪದಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಇವೆ, ವೇರಿಯಬಲ್ ಹೆಸರುಗಳು ಮತ್ತು ಸಂದೇಶಗಳು ಮಾತ್ರ ಕನ್ನಡ.

1 ಇಂಪೋರ್ಟ್ ರ್ಯಾಂಡಮ್
2 ಗುಟ್ಟು = ರ್ಯಾಂಡಮ್.ರ್ಯಾಂಡ್‌ಇಂಟ್(1, 100)
3 ಊಹೆ = 0
4 ಸರದಿ = 0
5 ವೈಲ್ ಊಹೆ != ಗುಟ್ಟು:
6     ಊಹೆ = ಇನ್‌ಪುಟ್("ನಿಮ್ಮ ಊಹೆ: ")
7     ಸರದಿ = ಸರದಿ + 1
8     ಇಫ್ ಊಹೆ < ಗುಟ್ಟು:
9         ಪ್ರಿಂಟ್ "ಚಿಕ್ಕದಾಯಿತು"
10     ಎಲಿಫ್ ಊಹೆ > ಗುಟ್ಟು:
11         ಪ್ರಿಂಟ್ "ದೊಡ್ಡದಾಯಿತು"
12 ಪ್ರಿಂಟ್ "ಸರಿ! ಸರದಿ:", ಸರದಿ

ಮೊದಲು 9ನೇ ಸಾಲಿನಲ್ಲಿ ಸಿಂಟ್ಯಾಕ್ಸ್‌ಎರರ್ ಬಂತು, ಪ್ರಿಂಟ್‌ಗೆ ಆವರಣ ಇಲ್ಲ ಎಂದು. ಹಾಕಿದೆ. ಆಮೇಲೆ 11, ಆಮೇಲೆ 12. ಮೂರಕ್ಕೂ ಹಾಕಿದ ಮೇಲೆ ಈಗ 2ನೇ ಸಾಲಿನಲ್ಲಿ ಆಟ್ರಿಬ್ಯೂಟ್‌ಎರರ್: ರ್ಯಾಂಡಮ್ ಮಾಡ್ಯೂಲ್‌ನಲ್ಲಿ (ಇಂಪೋರ್ಟ್ ಮಾಡಿಕೊಳ್ಳುವ ಕೋಡ್ ಫೈಲ್) ರ್ಯಾಂಡ್‌ಇಂಟ್ ಇಲ್ಲವಂತೆ. ಮೊದಲು 2ನೇ ಸಾಲಿನ ಬಗ್ಗೆ ಚಕಾರವೇ ಇರಲಿಲ್ಲ. ಸರಿಮಾಡಲು ಹೋಗಿ ಕೆಡಿಸುತ್ತಿದ್ದೇನಾ? ಪುಸ್ತಕವೇ ತಪ್ಪಾ?

ಸಾಲುಸಾಲು

ಕೆಡಿಸುತ್ತಿಲ್ಲ, ಮುಂದೆ ಹೋಗುತ್ತಿದ್ದೀರಿ. ಸಾಲಿನ ನಂಬರ್ ಹಿಂದಕ್ಕೆ ಬಂದದ್ದಕ್ಕೆ ಕಾರಣ ಇದೆ.

ಪೈಥಾನ್ ನಿಮ್ಮ ಫೈಲನ್ನು ಎರಡು ಹಂತದಲ್ಲಿ ನೋಡುತ್ತದೆ. ಮೊದಲ ಹಂತದಲ್ಲಿ ಇಡೀ ಫೈಲನ್ನು ಓದಿ ವ್ಯಾಕರಣ ಸರಿಯಿದೆಯೇ ಎಂದಷ್ಟೇ ನೋಡುತ್ತದೆ, ಒಂದು ಸಾಲನ್ನೂ ಓಡಿಸುವುದಿಲ್ಲ. ಸಿಂಟ್ಯಾಕ್ಸ್‌ಎರರ್ ಬರುವುದು ಇಲ್ಲಿ. ನಿಮ್ಮ 9, 11, 12ನೇ ಸಾಲುಗಳು ಸಿಕ್ಕಿಬಿದ್ದದ್ದು ಈ ಹಂತದಲ್ಲಿ, ಅದೂ ಒಂದು ಸಲಕ್ಕೆ ಒಂದೇ, ಯಾಕೆಂದರೆ ಮೊದಲ ತಪ್ಪಿಗೇ ಅದು ನಿಂತುಬಿಡುತ್ತದೆ. ವ್ಯಾಕರಣ ಪಾಸಾದ ಮೇಲೆ ಎರಡನೇ ಹಂತ, ಅಂದರೆ 1ನೇ ಸಾಲಿನಿಂದ ಓಡಿಸುವುದು. ಆಟ್ರಿಬ್ಯೂಟ್‌ಎರರ್, ಟೈಪ್‌ಎರರ್, ನೇಮ್‌ಎರರ್ ಬರುವುದು ಇಲ್ಲಿ. ನಿಮ್ಮ 2ನೇ ಸಾಲು ಓಡಿದ್ದೇ ಈಗ ಮೊದಲ ಸಲ.

ಅದಕ್ಕೇ ಎರರ್ ಬಂದಾಗ ಮೊದಲು ಕೊನೆಯ ಸಾಲು ಓದಿ. ಸಿಂಟ್ಯಾಕ್ಸ್‌ಎರರ್ ಅಂದರೆ ಪ್ರೋಗ್ರಾಂ ಶುರುವೇ ಆಗಿಲ್ಲ. ಬೇರೆ ಹೆಸರಿನ ಎರರ್ ಸಾಮಾನ್ಯವಾಗಿ ಅಲ್ಲಿಯವರೆಗೆ ಓಡಿ ನಿಂತಿದೆ ಎಂದು. ಇಷ್ಟು ಗೊತ್ತಾದರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ಇನ್ನು 2ನೇ ಸಾಲು. ಕೋಡ್ ಸರಿಯಾಗಿದೆ, ಫೈಲಿನ ಹೆಸರು ತಪ್ಪು. ಇಂಪೋರ್ಟ್ ರ್ಯಾಂಡಮ್ ಎಂದಾಗ ಪೈಥಾನ್ ಮೊದಲು ಹುಡುಕುವುದು ನಿಮ್ಮ ಪ್ರೋಗ್ರಾಂ ಇರುವ ಫೋಲ್ಡರಿನಲ್ಲಿ. ಅಲ್ಲಿ ರ್ಯಾಂಡಮ್.ಪಿವೈ ಎಂಬ ನಿಮ್ಮದೇ ಫೈಲ್ ಇದೆ. ಪೈಥಾನ್ ಜೊತೆ ಬಂದ ನಿಜವಾದ ರ್ಯಾಂಡಮ್ ಬದಲು ಅದನ್ನೇ ಎತ್ತಿಕೊಂಡಿತು. ಎರರಿನ ಮೇಲ್ಭಾಗ ನೋಡಿ, ನಿಮ್ಮ ಫೈಲಿನ ಹೆಸರೇ ಎರಡು ಸಲ ಇರಬೇಕು: ಒಮ್ಮೆ 1ನೇ ಸಾಲು, ಮತ್ತೊಮ್ಮೆ 2ನೇ ಸಾಲು. ಫೈಲ್ ತನ್ನನ್ನೇ ತಾನು ಇಂಪೋರ್ಟ್ ಮಾಡಿಕೊಂಡಿದೆ ಎನ್ನುವುದಕ್ಕೆ ಅದೇ ಗುರುತು.

ಫೈಲಿಗೆ ಊಹೆ_ಆಟ.ಪಿವೈ ಥರದ ಬೇರೆ ಹೆಸರು ಕೊಡಿ. ನೋಟ್‌ಪ್ಯಾಡ್‌ನಲ್ಲಿ ಸೇವ್ ಆಸ್ ಮಾಡುವಾಗ ಟೈಪ್ ಎಂಬಲ್ಲಿ ‘ಆಲ್ ಫೈಲ್ಸ್’ ಆರಿಸಿ, ಇಲ್ಲದಿದ್ದರೆ .ಪಿವೈ.ಟಿಎಕ್ಸ್‌ಟಿ ಆಗಿಬಿಡುತ್ತದೆ, ವಿಂಡೋಸ್ ಆ ಕೊನೆಯ ತುಂಡನ್ನು ಮುಚ್ಚಿಟ್ಟು ತೋರಿಸುತ್ತದೆ. ಹೊಸ ಹೆಸರಲ್ಲಿ ಸೇವ್ ಮಾಡಿದರಷ್ಟೇ ಸಾಲದು, ಹಳೆಯ ಫೈಲನ್ನು ಅಳಿಸಲೇಬೇಕು. ಅದು ಅಲ್ಲೇ ಉಳಿದರೆ ಮತ್ತೆ ಅದನ್ನೇ ಎತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಪೈಕ್ಯಾಶ್ ಎಂಬ ಫೋಲ್ಡರ್ ಹುಟ್ಟಿಕೊಂಡಿದ್ದರೆ ಇರಲಿ ಬಿಡಿ, ತೊಂದರೆ ಇಲ್ಲ. ಟರ್ಟಲ್, ಮ್ಯಾಥ್, ಸ್ಟ್ರಿಂಗ್, ಟೈಮ್ ಎಂಬ ಹೆಸರುಗಳನ್ನೂ ನಿಮ್ಮ ಫೈಲುಗಳಿಗೆ ಇಡಬೇಡಿ.

ಟ್ಯಾಬ್‌ಕೀಲಿ

ಪುಸ್ತಕ ತಪ್ಪಲ್ಲ, ಅದು ಪೈಥಾನ್ 2ರ ಪುಸ್ತಕ. ಆವರಣ ಇಲ್ಲದ ಪ್ರಿಂಟ್ ಕಂಡರೆ ಸಾಕು, ಅನುಮಾನವೇ ಬೇಡ. ಪೈಥಾನ್ 3 ಬಂದದ್ದು 2008ರ ಡಿಸೆಂಬರಿನಲ್ಲಿ. ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಪುಸ್ತಕಕ್ಕೆ ಹೊಂದಲಿ ಎಂದು 2 ಹಾಕಿಕೊಳ್ಳಬೇಡಿ. ನಿಮ್ಮಲ್ಲಿ ಯಾವುದಿದೆ ಎಂದು ನೋಡಲು ವಿಂಡೋಸ್‌ನಲ್ಲಿ ‘ಪಿವೈ --ವರ್ಷನ್’, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ‘ಪೈಥಾನ್3 --ವರ್ಷನ್’.

ಮೊದಲಪುಟ

ಫೈಲಿನ ಹೆಸರು ಎರಡು ಸಲ ಇತ್ತು, ಹೌದು! ಹೆಸರು ಬದಲಿಸಿದೆ, 3ನೇ ಆವೃತ್ತಿಯೇ ಇದೆ. ಈಗ ಆಟ ಸಂಖ್ಯೆ ಕೇಳುತ್ತದೆ, 42 ಕೊಟ್ಟ ಕೂಡಲೇ 8ನೇ ಸಾಲಿನಲ್ಲಿ ಟೈಪ್‌ಎರರ್: ಸ್ಟ್ರ್ (ಪಠ್ಯ) ಮತ್ತು ಇಂಟ್ (ಪೂರ್ಣಾಂಕ) ನಡುವೆ < ಬಳಸಲಾಗದು ಎಂದು. ಗುಟ್ಟನ್ನೂ ಸ್ಟ್ರ್ ಮಾಡಿ ನೋಡಿದೆ:

2 ಗುಟ್ಟು = ಸ್ಟ್ರ್(ರ್ಯಾಂಡಮ್.ರ್ಯಾಂಡ್‌ಇಂಟ್(1, 100))

ಎರರ್ ಹೋಯಿತು, ಆಟವೂ ಮುಗಿಯುತ್ತದೆ. ಆದರೆ ಕೆಲವು ಸಲ ಸುಳಿವು ಉಲ್ಟಾ ಅನಿಸುತ್ತದೆ. ಇದು ಸರಿಯಾ?

ಸಾಲುಸಾಲು

ಇಲ್ಲ. ಇದು ಎರರಿಗಿಂತ ಕೆಟ್ಟದ್ದು, ಯಾಕೆಂದರೆ ಈಗ ಪ್ರೋಗ್ರಾಂ ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತಿದೆ. 2ನೇ ಸಾಲನ್ನು ತಾತ್ಕಾಲಿಕವಾಗಿ ಗುಟ್ಟು = "10" ಎಂದು ಮಾಡಿ, 9 ಕೊಡಿ. ‘ದೊಡ್ಡದಾಯಿತು’ ಎನ್ನುತ್ತದೆ.

ಎರಡೂ ಕಡೆ ಪಠ್ಯ ಇದ್ದರೆ ಹೋಲಿಕೆ ನಿಘಂಟಿನ ಅಕಾರಾದಿ ಕ್ರಮದಂತೆ ನಡೆಯುತ್ತದೆ: ಮೊದಲ ಅಕ್ಷರಕ್ಕೆ ಮೊದಲ ಅಕ್ಷರ. 9 ಎಂಬ ಅಕ್ಷರ 1 ಎಂಬ ಅಕ್ಷರದ ನಂತರ ಬರುವುದರಿಂದ "9" ದೊಡ್ಡದು, "10" ಚಿಕ್ಕದು. ಎರಡೂ ಎರಡಂಕಿಯವಾದಾಗ ಕಾಕತಾಳೀಯವಾಗಿ ಸರಿ ಬರುತ್ತದೆ, ಅದಕ್ಕೇ ನಿಮಗೆ ಕೆಲವು ಸಲ ಮಾತ್ರ ಉಲ್ಟಾ ಕಂಡದ್ದು.

ಗುಟ್ಟನ್ನು ಮೊದಲಿನಂತೆ ಸಂಖ್ಯೆಯಾಗಿಯೇ ಬಿಡಿ. ಬದಲಾಗಬೇಕಾದದ್ದು 6ನೇ ಸಾಲು:

6     ಊಹೆ = ಇಂಟ್(ಇನ್‌ಪುಟ್("ನಿಮ್ಮ ಊಹೆ: "))

ಇನ್‌ಪುಟ್ ಯಾವಾಗಲೂ ಪಠ್ಯವನ್ನೇ ಕೊಡುತ್ತದೆ, ನೀವು ಒತ್ತಿದ್ದು ಅಂಕಿಗಳೇ ಆಗಿದ್ದರೂ. ಕಣ್ಣಾರೆ ನೋಡಬೇಕಿದ್ದರೆ 6ನೇ ಸಾಲಿನ ಕೆಳಗೆ ಅಷ್ಟೇ ಇಂಡೆಂಟ್ ಬಿಟ್ಟು ಪ್ರಿಂಟ್(ರೆಪ್ರ್(ಊಹೆ)) ಸೇರಿಸಿ. '42' ಎಂದು ಉದ್ಧರಣ ಚಿಹ್ನೆಯೊಂದಿಗೆ ಬಂದರೆ ಪಠ್ಯ, ಬರೀ 42 ಬಂದರೆ ಸಂಖ್ಯೆ. ಬರೀ ಪ್ರಿಂಟ್(ಊಹೆ) ಹಾಕಿದರೆ ಎರಡೂ ಒಂದೇ ಥರ ಕಾಣುತ್ತವೆ, ಏನೂ ತಿಳಿಯುವುದಿಲ್ಲ.

ಇನ್ನೊಂದು ಅಪಾಯ: < ಮತ್ತು > ಟೈಪ್ ಬೇರೆಯಾದರೆ ಕೂಗುತ್ತವೆ, ಆದರೆ == ಮತ್ತು != ಕೂಗುವುದಿಲ್ಲ. "42" == 42 ಎಂಬುದಕ್ಕೆ ಸುಮ್ಮನೆ ಫಾಲ್ಸ್ ಬರುತ್ತದೆ. ನಿಮ್ಮ ಆಟದಲ್ಲಿ 8ರಿಂದ 11ರವರೆಗಿನ ಸಾಲುಗಳು ಇರದಿದ್ದರೆ, ಸರಿಯಾದ ಸಂಖ್ಯೆ ಕೊಟ್ಟರೂ ಲೂಪ್ ನಿಲ್ಲುತ್ತಲೇ ಇರಲಿಲ್ಲ. ಎರರ್ ಇಲ್ಲದೆ ಸುತ್ತುತ್ತಲೇ ಇರುವ ಲೂಪ್ ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ. ನಿಲ್ಲಿಸಲು ಕಂಟ್ರೋಲ್ ಸಿ.

ಮೊದಲಪುಟ

ಅರ್ಥವಾಯಿತು. ಆದರೆ ಪುಸ್ತಕದಲ್ಲಿ ಇಂಟ್ ಎಲ್ಲೂ ಇಲ್ಲ, ಬರೀ ಇನ್‌ಪುಟ್. ಅಚ್ಚಿನಲ್ಲಿ ಬಿಟ್ಟುಹೋಗಿದೆಯಾ?

ಟ್ಯಾಬ್‌ಕೀಲಿ

ಬಿಟ್ಟುಹೋಗಿಲ್ಲ. ಪೈಥಾನ್ 2ರಲ್ಲಿ ಇನ್‌ಪುಟ್ ಎಂಬುದು ಟೈಪ್ ಮಾಡಿದ್ದನ್ನು ಪೈಥಾನ್ ಕೋಡ್ ಎಂದೇ ಲೆಕ್ಕ ಮಾಡಿ ಫಲ ಕೊಡುತ್ತಿತ್ತು. 42 ಒತ್ತಿದರೆ ಸಂಖ್ಯೆ 42, 40+2 ಒತ್ತಿದರೂ 42. ಪಠ್ಯ ಬೇಕಾದಾಗ ರಾ_ಇನ್‌ಪುಟ್ ಬಳಸುತ್ತಿದ್ದರು. ಬಳಕೆದಾರ ಟೈಪ್ ಮಾಡಿದ ಏನನ್ನೇ ಆದರೂ ಓಡಿಸುವುದು ಅಪಾಯ, ಹಾಗಾಗಿ 3ರಲ್ಲಿ ಅದನ್ನು ತೆಗೆದು, ರಾ_ಇನ್‌ಪುಟ್‌ನ ಕೆಲಸವನ್ನು ಇನ್‌ಪುಟ್‌ಗೆ ಕೊಟ್ಟರು. ಹೆಸರು ಅದೇ, ಕೆಲಸ ಬೇರೆ. ಹಳೆಯ ಪುಸ್ತಕಗಳಲ್ಲಿ ಕಲಿಯುವವರನ್ನು ಅತಿ ಹೆಚ್ಚು ಕಾಡುವುದು ಇದೇ, ಪ್ರಿಂಟ್ ಅಲ್ಲ. ಪ್ರಿಂಟ್ ತಪ್ಪಾದರೆ ಪೈಥಾನೇ ಹೇಳುತ್ತದೆ.

ಪುಸ್ತಕದಲ್ಲಿ ರಾ_ಇನ್‌ಪುಟ್ ಕಂಡಲ್ಲಿ ಇನ್‌ಪುಟ್ ಎಂದು ಬರೆಯಿರಿ. ಬರೀ ಇನ್‌ಪುಟ್ ಕಂಡಲ್ಲಿ ಪೂರ್ಣಾಂಕಕ್ಕೆ ಇಂಟ್, ದಶಮಾಂಶಕ್ಕೆ ಫ್ಲೋಟ್ ಸುತ್ತಿ. ಪೆನ್ಸಿಲ್ ತೆಗೆದುಕೊಂಡು ಪುಟದ ಅಂಚಿನಲ್ಲೇ ಗುರುತು ಹಾಕಿಕೊಳ್ಳಿ.

ಅದೇ ಜಾತಿಯ ಇನ್ನೊಂದು, ಭಾಗಾಕಾರ. ಪೈಥಾನ್ 2ರಲ್ಲಿ 7/2 ಎಂದರೆ 3. ಈಗ 3.5. ಪುಸ್ತಕದ ಫಲಿತಾಂಶ 3 ಎಂದಿದ್ದು ನಿಮಗೆ 3.5 ಬಂದರೆ ನಿಮ್ಮ ತಪ್ಪಲ್ಲ. ಪುಸ್ತಕದಂತೆ ಬೇಕಾದರೆ 7//2 ಬರೆಯಿರಿ.

ಇನ್ನುಳಿದವು ಸುಲಭ: ಎಕ್ಸ್‌ರೇಂಜ್ ಬದಲು ರೇಂಜ್, ಹ್ಯಾಸ್_ಕೀ ಬದಲು ಇನ್, ‘ಎಕ್ಸೆಪ್ಟ್ ವ್ಯಾಲ್ಯೂಎರರ್, ಇ’ ಎಂಬಲ್ಲಿ ಅಲ್ಪವಿರಾಮದ ಬದಲು ಆಸ್. ಪ್ರಿಂಟ್ ಸಾಲಿನ ಕೊನೆಗೆ ಅಲ್ಪವಿರಾಮ ಇದ್ದರೆ ಆವರಣದೊಳಗೆ ಕೊನೆಗೆ ಎಂಡ್=" " ಸೇರಿಸಿ.

ಕೋಡುಗಲ್ಲು

ಇಷ್ಟೆಲ್ಲ ತಿದ್ದುವ ಬದಲು ಹೊಸ ಪುಸ್ತಕ ತೆಗೆದುಕೊಳ್ಳುವುದೇ ಮೇಲಲ್ಲವೇ? ಅಥವಾ 2ಟು3 ಎಂಬ ಟೂಲ್ ಓಡಿಸಿದರೆ ತಾನೇ ತಿದ್ದಿಕೊಡುತ್ತದೆ.

ಸಾಲುಸಾಲು

2ಟು3 ಅನ್ನು ಪೈಥಾನ್ 3.13ರಿಂದ ತೆಗೆದುಹಾಕಿದ್ದಾರೆ. ಹಳೆಯ ಆವೃತ್ತಿಯಲ್ಲಿ ಓಡಿಸಿದರೂ ಬರೀ ಇನ್‌ಪುಟ್ ಇದ್ದಲ್ಲಿ ಅದಕ್ಕೆ ಇವಾಲ್ (ಪಠ್ಯವನ್ನು ಕೋಡ್ ಎಂದೇ ಓಡಿಸುವ ಫಂಕ್ಷನ್) ಸುತ್ತಿಕೊಡುತ್ತದೆ, ಅಂದರೆ ಆ ಹಳೆಯ ಅಪಾಯವನ್ನೇ ಮರಳಿ ತರುತ್ತದೆ. ಕಲಿಯುವವರಿಗೆ ಅದು ಬೇಡ.

ಪುಸ್ತಕದ ಬಗ್ಗೆ: ವೇರಿಯಬಲ್, ಇಫ್, ಲೂಪ್, ಲಿಸ್ಟ್, ಫಂಕ್ಷನ್ ಅಧ್ಯಾಯಗಳಿಗೆ ಮೇಲಿನ ತಿದ್ದುಪಡಿಗಳೇ ಬಹುಮಟ್ಟಿಗೆ ಸಾಕು, ವಿವರಣೆ ಚೆನ್ನಾಗಿದ್ದರೆ ಬಿಡಬೇಡಿ. ಆದರೆ ಇಂಟರ್ನೆಟ್‌ನಿಂದ ಪುಟ ತರುವುದು (ಯುಆರ್‌ಎಲ್‌ಲಿಬ್2 ಎಂದಿರುತ್ತದೆ) ಮತ್ತು ಯೂನಿಕೋಡ್ ಅಧ್ಯಾಯಗಳನ್ನು ಹಳೆಯ ಪುಸ್ತಕದಿಂದ ಓದಬೇಡಿ. ಅಲ್ಲಿ ತಿದ್ದಬೇಕಾದದ್ದು ಪದಗಳನ್ನಲ್ಲ, ಇಡೀ ವಿಷಯವನ್ನೇ.

ಕ್ಲಾಸ್ ಅಧ್ಯಾಯಕ್ಕೆ ಬಂದಾಗ ಒಂದು ಎಚ್ಚರ. ಇನಿಟ್ ಎಂಬುದರ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುತ್ತವೆ. ಅಚ್ಚಿನಲ್ಲಿ ಎರಡೂ ಅಂಟಿಕೊಂಡು ಒಂದೇ ಉದ್ದ ಗೆರೆಯಂತೆ ಕಾಣುತ್ತವೆ. ಒಂದೊಂದೇ ಹಾಕಿದರೆ ಆ ಸಾಲಿಗೆ ಯಾವ ಎರರೂ ಬರುವುದಿಲ್ಲ. ಎಷ್ಟೋ ಕೆಳಗೆ ಕ್ಲಾಸ್ ಬಳಸುವಲ್ಲಿ ‘ಟೇಕ್ಸ್ ನೋ ಆರ್ಗ್ಯುಮೆಂಟ್ಸ್’ ಎಂಬ ಟೈಪ್‌ಎರರ್ ಬರುತ್ತದೆ.

ಮೊದಲಪುಟ

ಇಂಟ್ ಹಾಕಿದೆ, 10ಕ್ಕೆ 9 ಕೊಟ್ಟು ನೋಡಿದೆ, ಸುಳಿವು ಸರಿಯಾಗಿದೆ. ಒಂದೇ ಉಳಿದದ್ದು: ಏನೂ ಒತ್ತದೆ ಎಂಟರ್ ಹೊಡೆದರೆ ವ್ಯಾಲ್ಯೂಎರರ್ ಬಂದು ಆಟವೇ ನಿಲ್ಲುತ್ತದೆ. ಮತ್ತೆ, ಕನ್ನಡ ಕೀಬೋರ್ಡ್ ಆನ್ ಇದ್ದಾಗ ೪೨ ಒತ್ತಿಬಿಟ್ಟರೆ?

ಟ್ಯಾಬ್‌ಕೀಲಿ

ಖಾಲಿ ಪಠ್ಯವನ್ನಾಗಲಿ ‘ನಲವತ್ತು’ ಎಂಬುದನ್ನಾಗಲಿ 42.5 ಅನ್ನಾಗಲಿ ಇಂಟ್ ಸಂಖ್ಯೆ ಮಾಡಲಾರದು. 6ನೇ ಸಾಲಿನ ಜಾಗದಲ್ಲಿ, ಲೂಪಿನ ಒಳಗೇ, ಹೀಗೆ:

    ಟ್ರೈ:
        ಊಹೆ = ಇಂಟ್(ಇನ್‌ಪುಟ್("ನಿಮ್ಮ ಊಹೆ: "))
    ಎಕ್ಸೆಪ್ಟ್ ವ್ಯಾಲ್ಯೂಎರರ್:
        ಪ್ರಿಂಟ್("ಪೂರ್ಣ ಸಂಖ್ಯೆ ಕೊಡಿ")
        ಕಂಟಿನ್ಯೂ

ಕಂಟಿನ್ಯೂ ಎಂದರೆ ಉಳಿದ ಸಾಲುಗಳನ್ನು ಬಿಟ್ಟು ಲೂಪಿನ ತಲೆಗೆ ಹೋಗು ಎಂದು. ಹಾಗಾಗಿ ತಪ್ಪು ಒತ್ತಿದ್ದು ಸರದಿಯ ಲೆಕ್ಕಕ್ಕೆ ಸೇರುವುದಿಲ್ಲ. ವ್ಯಾಲ್ಯೂಎರರ್ ಎಂಬ ಹೆಸರನ್ನು ಬಿಟ್ಟು ಬರೀ ಎಕ್ಸೆಪ್ಟ್ ಬರೆಯಬೇಡಿ. ಆಗ ಸಂಖ್ಯೆ ಕೇಳುತ್ತಿರುವಾಗ ನೀವು ಒತ್ತಿದ ಕಂಟ್ರೋಲ್ ಸಿ ಕೂಡ ಅಲ್ಲೇ ಸಿಕ್ಕಿಹಾಕಿಕೊಂಡು ಆಟ ನಿಲ್ಲುವುದೇ ಇಲ್ಲ.

ಆಟ ಕೇಳಿದಾಗ ೪೨ ಒತ್ತಿದರೆ ಚಿಂತೆಯಿಲ್ಲ, ಇಂಟ್ ಕನ್ನಡ ಅಂಕಿಗಳನ್ನೂ ಓದಿ 42 ಮಾಡುತ್ತದೆ. ಆದರೆ ಕೋಡಿನೊಳಗೆ ಗುಟ್ಟು = ೪೨ ಎಂದು ಬರೆದರೆ ಸಿಂಟ್ಯಾಕ್ಸ್‌ಎರರ್, ಅಲ್ಲಿ 0ಯಿಂದ 9 ಮಾತ್ರ.

ಕನ್ನಡ ವೇರಿಯಬಲ್ ಇಡುವವರು ನೋಡಬೇಕಾದ ಮತ್ತೊಂದು: ‘ಪಾಯಿಂಟ್‌ಗಳು’ ಎಂಬಂಥ ಪದದಲ್ಲಿ ಟ್ ಕೆಳಗೆ ಗ ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಅದು ವೇರಿಯಬಲ್ ಹೆಸರಿನಲ್ಲಿದ್ದರೆ ಪೈಥಾನ್ ಒಪ್ಪುವುದಿಲ್ಲ, ಯು+200ಸಿ ಎಂಬ ಸಂಕೇತ ತೋರಿಸಿ ಸಿಂಟ್ಯಾಕ್ಸ್‌ಎರರ್ ಕೊಡುತ್ತದೆ. ಊಹೆ, ಗುಟ್ಟು, ಸರದಿಯಂಥ ಪದಗಳಲ್ಲಿ ಅದು ಬರುವುದಿಲ್ಲ. ಉದ್ಧರಣ ಚಿಹ್ನೆಗಳ ಒಳಗಿನ ಸಂದೇಶದಲ್ಲಿದ್ದರೆ ಏನೂ ತೊಂದರೆಯಿಲ್ಲ.